ಗುಂಡಿಯ ಹಾಡು

ನನ್ನ ತಮ್ಮನ ದನಿ ಈ ಊರಿಗೆಲ್ಲ ಇಷ್ಟ. ಅವನ ಮೈ ವಾಸನೆ ಯಾರಿಗೂ ಇಷ್ಟವಿಲ್ಲ. ರೇಡಿಯೋದಲ್ಲಿ ವಾಸನೆ ಬರುವುದಿಲ್ಲ ನೋಡಿ, ಅದಕ್ಕೇ ಅದು ಅಷ್ಟು ಒಳ್ಳೆಯ ಸಾಧನ.

ನಮ್ಮದು ಒಳಚರಂಡಿಯ ಕೆಲಸ. ಬೀದಿಯ ನಡುವೆ ದುಂಡಗಿನ ಕಬ್ಬಿಣದ ಮುಚ್ಚಳ ಇರುತ್ತದಲ್ಲ, ನೀವು ಬೈಕಿನಲ್ಲಿ ಹೋಗುವಾಗ ಟಕ್ ಎನ್ನುತ್ತದಲ್ಲ, ಅದರ ಕೆಳಗೆ ಇಳಿಯುವವರು ನಾವು. ಅದನ್ನು ಗುಂಡಿ ಎನ್ನುತ್ತೇವೆ. ತಮ್ಮ ಒಳಗೆ ಇಳಿಯುತ್ತಿದ್ದ. ನಾನು ಮೇಲೆ ಕೂತು ಹಗ್ಗ ಹಿಡಿಯುತ್ತಿದ್ದೆ. ಹಗ್ಗದ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಮುಂಗೈಗೆ. ನನ್ನ ಗಂಡ ಬಕೆಟ್ ಎಳೆದು ಪಕ್ಕಕ್ಕೆ ಸುರಿಯುತ್ತಿದ್ದ. ಅಪ್ಪನೂ ಇದೇ ಕೆಲಸ ಮಾಡಿದ, ಅವ್ವ ಅವನ ಹಗ್ಗ ಹಿಡಿದಳು. ಊರಿನ ಸೇವೆಯಲ್ಲಿ ಇಷ್ಟು ನಿಷ್ಠೆಯ ಮನೆತನ ಇನ್ನೊಂದಿಲ್ಲ. ಬಿಟ್ಟು ಹೋಗೋಣವೆಂದರೆ ಬೇರೆ ಯಾರೂ ನಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೆಳಗಿನ ಗಾಳಿ ಕೆಟ್ಟದ್ದು. ಕೊಳೆತ ಮೊಟ್ಟೆಯ ನಾತ ಬರುತ್ತಿರುವವರೆಗೂ ಪರವಾಗಿಲ್ಲ. ಆ ನಾತ ತಟ್ಟನೆ ನಿಂತುಹೋದರೆ ಮೂಗು ಸತ್ತಿತು ಎಂದು ಅರ್ಥ. ಆಮೇಲೆ ತಲೆ, ಆಮೇಲೆ ಕಾಲು. ಕೂಗಿ ಹೇಳಲಿಕ್ಕೆ ಪುರುಸೊತ್ತು ಸಿಗುವುದಿಲ್ಲ. ಹಗ್ಗ ಅಲ್ಲಾಡುತ್ತಿದೆ, ಬದುಕಿದ್ದಾನೆ ಎಂದುಕೊಳ್ಳುವ ಹಾಗೂ ಇಲ್ಲ. ನೀರು ಸತ್ತವನನ್ನೂ ಅಲ್ಲಾಡಿಸುತ್ತದೆ.

ಅದಕ್ಕೇ ಹಾಡು. ಮೇಲಿನವರದು ಒಂದು ಸಾಲು, ಕೆಳಗಿನವನದು ಒಂದು ಸಾಲು.

ಇದ್ದೀಯೇನೋ ತಮ್ಮಾ, ಇದ್ದೀಯೇನೋ?
ಇದ್ದೀನಿ ಅಕ್ಕಾ, ಇದ್ದೀನಿ.
ಊರಿನ ಹೊಟ್ಟೇಲಿ ಕೂತಿದ್ದೀಯೇನೋ?
ಉಂಡದ್ದನ್ನೆಲ್ಲಾ ನೋಡ್ತಿದ್ದೀನಿ.

ನಡುವಿನ ಮಾತು ದಿನಕ್ಕೊಂದು ಥರ. ನಮ್ಮನ್ನು ಗುಂಡಿಗೆ ಇಳಿಸುವ ಮೇಸ್ತ್ರಿಯ ಹೊಟ್ಟೆ, ಅಂಗಡಿಯವನ ತೂಕದ ಮೋಸ, ನನ್ನ ಗಂಡನ ಗೊರಕೆ, ಎಲ್ಲವೂ ಹಾಡಿಗೆ ಬರುತ್ತಿತ್ತು. ಆದರೆ ಪ್ರತಿ ಸುತ್ತಿಗೂ ‘ಇದ್ದೀನಿ’ ಬರಲೇಬೇಕು. ಬರಲಿಲ್ಲವೋ, ಎಳೆಯಬೇಕು. ಕೇಳುವುದಿಲ್ಲ, ಯೋಚಿಸುವುದಿಲ್ಲ, ಎಳೆಯುವುದು. ಮೇಲಿರುವವರು ಯಾರೇ ಆಗಲಿ ಹಾಡಿನಲ್ಲಿ ಅಕ್ಕ, ಕೆಳಗಿರುವವನು ತಮ್ಮ. ಅವ್ವ ಅಪ್ಪನನ್ನೂ ತಮ್ಮಾ ಎಂದೇ ಕರೆದಳು. ಮನೆಗೆ ಬಂದ ಮೇಲೆ ಅಪ್ಪ, “ಏನಕ್ಕಾ, ಊಟ ಆಯ್ತಾ?” ಎಂದು ಕೀಟಲೆ ಮಾಡಿ ಬೈಸಿಕೊಳ್ಳುತ್ತಿದ್ದ. ಹಾರೆ, ಬಕೆಟ್, ಹಗ್ಗ, ಹಾಡು. ನಮಗೆ ಅದೂ ಒಂದು ಸಾಮಾನು.

ರೇಡಿಯೋದವರು ಬಂದು, ಇದು ಸಂಗೀತ ಎಂದರು.

ಊರಿನ ಹಳೇ ಗೋದಾಮಿನ ಮಹಡಿಯ ಮೇಲೆ ಆ ರೇಡಿಯೋ. ಊರಿನವರೇ ಸೇರಿ ನಡೆಸುವುದು. ಲಾಭಕ್ಕಲ್ಲ, ಜಾಹೀರಾತಿಲ್ಲ. ನೆಲದ ಹಾಡುಗಳನ್ನು ಮಾತ್ರ ಹಾಕುತ್ತಾರೆ. ಬೀಸುವ ಹಾಡು, ದೋಣಿಯ ಹಾಡು, ನೇಯುವವರ ಹಾಡು. ಊರಲ್ಲಿ ಬೀಸುವ ಕಲ್ಲು ಕಂಡು ಎಷ್ಟೋ ಕಾಲವಾಯಿತು, ಬೀಸುವ ಹಾಡು ಮಾತ್ರ ಬೆಳಿಗ್ಗೆ ತಪ್ಪದೆ ಬರುತ್ತಿತ್ತು. ಅವರ ಹತ್ತಿರವಿದ್ದ ಹಾಡುಗಳ ಕೆಲಸಗಳೆಲ್ಲ ಸತ್ತಿದ್ದವು. ಕೆಲಸ ಇನ್ನೂ ಬದುಕಿರುವ ಹಾಡು ನಮ್ಮದೊಂದೇ. ಅದಕ್ಕೇ ನಮ್ಮನ್ನು ಕಂಡು ಅವರಿಗೆ ಹಿಗ್ಗೋ ಹಿಗ್ಗು.

ರೇಡಿಯೋ ನಡೆಸುವವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಏನು ಕೇಳಿದರೂ ಕಣ್ಣು ಮುಚ್ಚಿ “ಆಹಾ” ಎನ್ನುತ್ತಿದ್ದರು. ನಾವು ಅವರಿಗೆ ಆಹಾ ಸಾರ್ ಎಂದೇ ಹೆಸರಿಟ್ಟೆವು. ಕಾರ್ಯಕ್ರಮದಲ್ಲಿ ಮಾತಾಡುವ ಹೆಂಗಸು ಜೇನು ಮೇಡಂ. ದನಿ ಹಾಗಿತ್ತು, ಸವಿ ಸವಿ. ಕೆಟ್ಟವರಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಮೇಸ್ತ್ರಿಯನ್ನು ಬಿಟ್ಟರೆ. ಅವನೂ ಮನೆಯಲ್ಲಿ ಒಳ್ಳೆಯವನಂತೆ.

ರೆಕಾರ್ಡ್ ಮಾಡಲು ಬಂದ ದಿನ ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ ಗುಂಡಿಯ ಬಾಯಿಗೆ ಹಿಡಿದರು. ಅವರು ಮಾತ್ರ ಮೂಗಿಗೆ ಕರ್ಚೀಫು ಕಟ್ಟಿಕೊಂಡು ದೂರ ನಿಂತರು. ತಮ್ಮ ಇಳಿದ. ನಾನು ಹಾಡಿದೆ, ಅವನು ಓಗೊಟ್ಟ. ಕೆಸರೆಲ್ಲ ಎತ್ತಿ ಅವನು ಮೇಲೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದಾಗ ಆಹಾ ಸಾರ್ ಕೈ ಹೊಸೆಯುತ್ತಾ ಬಂದರು.

“ತಮ್ಮಾ, ನಡುವೆ ಲಾರಿ ಹಾರ್ನ್ ಹೊಡೆದುಬಿಡ್ತು. ಇನ್ನೊಂದು ಸಲ ಇಳಿಯೋಕಾಗುತ್ತಾ?”

“ಗುಂಡಿ ಕ್ಲೀನ್ ಆಯ್ತಲ್ಲ ಸಾರ್?”

“ಕೆಲಸ ಬೇಡ. ಸುಮ್ನೆ ಒಳಗೆ ನಿಂತು ಹಾಡು ಸಾಕು. ಆ ಗುಂಯ್ ಅನ್ನೋದು ಇದೆಯಲ್ಲ, ಅದು ನಮ್ಮ ಸ್ಟುಡಿಯೋದಲ್ಲಿ ಬರಲ್ಲ.”

ಇಳಿದ. ಈ ಸಲ ಒಂದು ನಾಯಿ ಬೊಗಳಿತು. ಮತ್ತೆ ಇಳಿದ. ಮೇಲೆ ಬಂದವನು ನನ್ನ ಕಿವಿಯಲ್ಲಿ, “ನಾಯಿಗೂ ಹೇಳಿಟ್ಟಿರಬೇಕಿತ್ತು ಕಣಕ್ಕಾ” ಎಂದ. ಖುಷಿಯಲ್ಲಿದ್ದ. ಸುಳ್ಳೇಕೆ, ನಾನೂ ಖುಷಿಯಲ್ಲಿದ್ದೆ.

ಮಾತಾಡಿಸಲಿಕ್ಕೆಂದು ಒಂದು ದಿನ ಸ್ಟುಡಿಯೋಗೂ ಕರೆದರು. ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು ಹೋದೆವು. ಕುರ್ಚಿಯ ಮೇಲೆ ಪೇಪರ್ ಹಾಸಿದ್ದರು. ಅವರ ಕುರ್ಚಿಗಳ ಮೇಲೆ ಹಾಸಿರಲಿಲ್ಲ. ಅವರಿಗೆ ಪಿಂಗಾಣಿ ಕಪ್ಪಿನಲ್ಲಿ ಟೀ, ನಮಗೆ ಪೇಪರ್ ಲೋಟದಲ್ಲಿ. ಮೈಕಿನ ತಲೆಗೊಂದು ಕಪ್ಪು ಸ್ಪಂಜು ಇತ್ತು. ನಮ್ಮ ಮಾತು ಮುಗಿದ ಮೇಲೆ ಜೇನು ಮೇಡಂ ಅದನ್ನು ಎರಡು ಬೆರಳಲ್ಲಿ ಕಿತ್ತು ಕಸದ ಬುಟ್ಟಿಗೆ ಹಾಕಿದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಬುಸ್ ಬುಸ್ ಎಂದು ಕೇಳಿಸಿತು. ಸೆಂಟಿನ ಡಬ್ಬಿ. ತಮ್ಮ ನಿಂತು ಕೇಳಿದ, “ಅಕ್ಕಾ, ಇವತ್ತು ನಾನು ಸೋಪು ಹಾಕ್ಕೊಂಡಿದ್ದೆ ತಾನೇ?”

ಹಾಡು ರೇಡಿಯೋದಲ್ಲಿ ಬಂತು. ನನ್ನ ದನಿ ಇರಲಿಲ್ಲ. ನಾನು ಕೇಳುವ ಸಾಲುಗಳನ್ನೆಲ್ಲ ಕತ್ತರಿಸಿ, ಆ ಜಾಗಕ್ಕೆ ಮೆಲ್ಲಗೆ ಯಾವುದೋ ತಂತಿ ಮೀಟುವ ಸದ್ದು ತುಂಬಿದ್ದರು. “ನಿಮ್ಮ ದನಿ ಸ್ವಲ್ಪ ಒರಟು. ತಪ್ಪು ತಿಳ್ಕೋಬೇಡಿ ಅಮ್ಮಾ. ತಮ್ಮನದು ಮಾತ್ರ ಇಟ್ರೆ ಏನೋ ಒಂಥರಾ ಆಹಾ” ಎಂದರು ಸಾರ್. ತಪ್ಪು ತಿಳಿದುಕೊಳ್ಳಲಿಲ್ಲ. ನಾನು ಹಾಡುವುದು ಇಂಪಿಗಲ್ಲವಲ್ಲ.

ಊರು ಆ ಹಾಡಿಗೆ ಮರುಳಾಯಿತು. ಕೇಳುಗರ ಕೋರಿಕೆ ಎಂದರೆ ಅದೇ. ಅಷ್ಟರಲ್ಲಿ ನಗರಸಭೆಯವರು ಪೇಟೆ ಬೀದಿಯ ದೀಪದ ಕಂಬಗಳಿಗೆಲ್ಲ ಸ್ಪೀಕರ್ ಕಟ್ಟಿಸಿ ರೇಡಿಯೋದ ವೈರು ಎಳೆಸಿದರು. ಜನ ಸಾಮಾನು ಕೊಳ್ಳುತ್ತಾ ನೆಲದ ಹಾಡು ಕೇಳಬೇಕಂತೆ. ಬೀದಿಯಲ್ಲಿ ತಮ್ಮ ಹೋಗುತ್ತಿದ್ದರೆ ಮೇಲೆ ಕಂಬದಲ್ಲಿ ಅವನೇ ಹಾಡುತ್ತಿದ್ದ. ಕೆಳಗೆ ಹೋಗುವವನನ್ನು ಕಂಡು ಜನ ಸರಿದು ದಾರಿ ಬಿಡುತ್ತಿದ್ದರು. ಗೌರವಕ್ಕೆ ಎಂದುಕೊಳ್ಳೋಣ.

ಆ ದಿನ ಬಟ್ಟೆ ಅಂಗಡಿಯ ಎದುರಿನ ಗುಂಡಿ ಕಟ್ಟಿಕೊಂಡಿತ್ತು. ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತು. ಮುಚ್ಚಳ ತೆಗೆದು ಗಾಳಿಯಾಡಲು ಬಿಡಬೇಕು. ಮೇಸ್ತ್ರಿ ಬಿಡಲಿಲ್ಲ.

“ಗಿರಾಕಿಗಳು ಬರೋ ಹೊತ್ತು. ಇಳಿಯೋ ಬೇಗ. ಏನು, ಮುಹೂರ್ತ ನೋಡ್ತಿದ್ದೀಯಾ?”

ತಮ್ಮ ಇಳಿದ. ಕೇಳಿದೆ, ಓಗೊಟ್ಟ. ಕೇಳಿದೆ, ಓಗೊಟ್ಟ. ಒಂದು ಲಾರಿ ಹಿಂದಕ್ಕೆ ಬರುತ್ತಾ ಬೀದಿಯೆಲ್ಲ ಗದ್ದಲ. ನಾನು ಗುಂಡಿಗೆ ಬಗ್ಗಿ ಗಂಟಲು ಹರಿಯುವ ಹಾಗೆ ಕೇಳಿದೆ.

“ಇದ್ದೀಯೇನೋ ತಮ್ಮಾ, ಇದ್ದೀಯೇನೋ?”

“ಇದ್ದೀನಿ ಅಕ್ಕಾ, ಇದ್ದೀನಿ.”

ಇನ್ನೊಂದು ಸುತ್ತು. “ಇದ್ದೀನಿ ಅಕ್ಕಾ, ಇದ್ದೀನಿ.” ಸ್ಪಷ್ಟವಾಗಿತ್ತು. ಇವತ್ತು ಗಂಟಲು ಚೆನ್ನಾಗಿದೆ ಇವನದು ಎಂದುಕೊಂಡೆ.

ನನ್ನ ಗಂಡ, “ಬಕೆಟ್ ಯಾಕೆ ತುಂಬ್ತಿಲ್ಲ?” ಎಂದ.

“ಹಾಡ್ತಿದ್ದಾನಲ್ಲ. ತುಂಬ್ತಾನೆ ಇರು.”

ಇನ್ನೂ ಒಂದು ಸುತ್ತು ಕೇಳಿದೆ. ಇದ್ದೀನಿ ಎಂದ. ಲಾರಿ ಹೋಯಿತು. ಬೀದಿ ಸ್ವಲ್ಪ ಸುಮ್ಮನಾಯಿತು. ಆಗ ತಲೆಯ ಮೇಲಿನ ಕಂಬದಿಂದ ಜೇನು ಮೇಡಂ ಮಾತಾಡಿದರು. “ಕೇಳುಗರೇ, ಇದೀಗ ನೀವು ಆಲಿಸಿದ್ದು ನಮ್ಮದೇ ಊರಿನ, ನಮ್ಮದೇ ನೆಲದಾಳದ ದನಿ...”

ಇಷ್ಟು ಹೊತ್ತು ನನಗೆ ಓಗೊಟ್ಟದ್ದು ಕಂಬ. ಎಳೆದೆ. ಗಂಡ ಹಾರಿ ಬಂದು ಎಳೆದ. ಬಟ್ಟೆ ಅಂಗಡಿಯವನು ಮೆಟ್ಟಿಲ ಮೇಲೆ ನಿಂತು ಅಯ್ಯೋ ಅಯ್ಯೋ ಎಂದ, ಕೈ ಹಾಕಲಿಲ್ಲ. ತಮ್ಮ ಬಂದ. ಬಾಯಿಯೊಳಗೆ, ಮೂಗಿನೊಳಗೆ, ಕಣ್ಣಿನೊಳಗೆ ಊರು ತುಂಬಿತ್ತು. ಸೆರಗಿನಲ್ಲಿ ತೋಡಿ ತೋಡಿ ತೆಗೆದೆ.

ಆ ರೇಡಿಯೋಗೆ ಜಾಹೀರಾತಿಲ್ಲ ಎಂದೆನಲ್ಲ, ಅದೊಂದು ಕೊರತೆ ನನ್ನನ್ನು ಈಗಲೂ ಕಾಡುತ್ತದೆ. ನಡುವೆ ಒಂದು ಸೋಪಿನ ಜಾಹೀರಾತು ಬಂದಿದ್ದರೂ ಸಾಕಿತ್ತು, ಇದು ರೇಡಿಯೋ ಎಂದು ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲೇ ಮೇಸ್ತ್ರಿ ಶುರು ಮಾಡಿದ. “ಹಗ್ಗ ಹಿಡಿದೋಳಿಗೆ ಗ್ಯಾನ ಇರಬೇಕಿತ್ತು.”

“ಗ್ಯಾನ ಇಟ್ಟೇ ಕೇಳ್ತಿದ್ದೆ. ಅದಕ್ಕೇ ಹೀಗಾಗಿದ್ದು. ಗಾಳಿ ಆಡೋಕೆ ಬಿಡದೆ ಇಳಿಸಿದೋನು ನೀನು. ನನ್ನ ತಲೆಗೆ ಕಟ್ಟೋಕೆ ಬಂದ್ಯೋ, ಹಲ್ಲು ಉದುರಿಸ್ತೀನಿ.”

ಅವನು ಹಿಂದೆ ಸರಿದ. ನಾನು ಕೈ ತೊಳೆದಿರಲಿಲ್ಲ, ಅದಕ್ಕೂ ಇರಬಹುದು.

ತಮ್ಮ ಉಳಿದ. ಬಹಳ ದಿನ ಗಂಟಲಿಗೆ ಪೈಪು ಹಾಕಿಟ್ಟಿದ್ದರು. ತೆಗೆದ ಮೇಲೆ ದನಿ ಹೊರಡಲಿಲ್ಲ. ಬಾಯಿ ಆಡುತ್ತದೆ, ಉಸಿರು ಬರುತ್ತದೆ, ಮಾತಿಲ್ಲ. ಕಿವಿ ಹತ್ತಿರ ಇಟ್ಟರೆ ಪಿಸು ಎನ್ನುವುದು ಕೇಳುತ್ತದೆ ಅಷ್ಟೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೊದಲ ದಿನ ಪಿಸುಗುಟ್ಟಿದ ಮಾತು, “ಅಕ್ಕಾ, ನಾನು ಅಷ್ಟು ಚೆನ್ನಾಗಿ ಹಾಡ್ತಿದ್ನಾ?” ಎಂದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಆಹಾ ಸಾರ್ ಹಣ್ಣಿನ ಚೀಲ ತಂದರು. ಮಂಚದ ಪಕ್ಕ ನಿಂತು ನಿಜಕ್ಕೂ ಅತ್ತರು. ಕಣ್ಣೊರೆಸಿಕೊಂಡು, “ಇಂಥ ದನಿ ಹೋಯ್ತಲ್ಲಾ” ಎಂದರು. ನಾನು ತಮ್ಮನ ಕಾಲು ಒತ್ತುತ್ತಿದ್ದೆ. ಹೋದದ್ದು ದನಿ, ಮಲಗಿದ್ದವನು ಯಾರೋ.

ಆ ವಾರದಿಂದ ‘ಮೌನವಾದ ದನಿಗೆ ನಮನ’ ಎಂದು ಕಾರ್ಯಕ್ರಮ ಶುರುವಾಯಿತು. ಮೊದಲು ಬೆಳಿಗ್ಗೆ ಒಮ್ಮೆ ಬರುತ್ತಿದ್ದ ಹಾಡು ಈಗ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ತಮ್ಮನೋ ಮನೆಯಲ್ಲಿ ಗೋಡೆಗೆ ಒರಗಿ ಕೂತು ತನ್ನ ಹಾಡು ತಾನೇ ಕೇಳುತ್ತಿದ್ದ. ಊರಿಗೆ ಅವನ ದನಿ ಸಿಕ್ಕಿತು, ಅವನಿಗೆ ಸಿಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಎಂದಿನಂತೆ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಮುಗಿಯಲಿಲ್ಲ. ಮೇಸ್ತ್ರಿ ಬಂದು ಹೇಳಿದ, “ನಾಳೆಯಿಂದ ನಿನ್ನ ಗಂಡ ಇಳೀಲಿ.”

ಗಂಡ ಇಳಿದ. ನಾನು ಹಗ್ಗ ಹಿಡಿದೆ. ಪೇಟೆ ಬೀದಿಯಲ್ಲಿ ಗುಂಡಿಗೊಂದು ಕಂಬ. ಗುಂಡಿಯ ಒಳಗಿಂದ ಬಂದರೆ ಯಾರ ದನಿಯೂ ಒಂದೇ, ಗುಂಯ್ ಎಂದು. ಗದ್ದಲದಲ್ಲಿ ಕಿವಿಗೆ ಬೀಳುವುದು ‘ಇದ್ದೀನಿ’ ಒಂದೇ. ಕೆಳಗಿನಿಂದ ಬಂತೋ ಮೇಲಿನಿಂದ ಬಂತೋ? ನಂಬಲಾರದೆ ಎಳೆದುಬಿಡುತ್ತಿದ್ದೆ. ಚೆನ್ನಾಗಿಯೇ ಇದ್ದ ಮನುಷ್ಯ ಮೊಣಕೈ ಮೊಣಕಾಲು ಕಿತ್ತುಕೊಂಡು ಮೇಲೆ ಬರುತ್ತಿದ್ದ. “ಗುಂಡಿ ಸಾಯಿಸೋ ಮುಂಚೆ ನೀನೇ ಸಾಯಿಸ್ತೀಯ ಕಣೇ” ಎಂದು ಬೈಯುತ್ತಿದ್ದ. ರಾತ್ರಿ ಅವನ ಮೊಣಕೈಗೆ ಮುಲಾಮು ಹಚ್ಚುವುದು ನನಗೊಂದು ಹೊಸ ಕೆಲಸವಾಯಿತು.

ಪದ ಬದಲಾಯಿಸಿ ನೋಡಿದೆವು. ‘ಇದ್ದೀನಿ’ ಬದಲು ‘ಹೂಂ’ ಅನ್ನು ಎಂದೆ. ಹುಟ್ಟಿದಾಗಿಂದ ಕೇಳಿದ ಪದ ಸೊಂಟದ ಗಂಟಿನಷ್ಟೇ ಗಟ್ಟಿ. ತಲೆ ಸುತ್ತಿದವನ ಬಾಯಿಗೆ ಹೊಸ ಮಾತು ಬರುವುದಿಲ್ಲ. ಒಂದು ದಿನ ಹೂಂ ಬರಲಿಲ್ಲ, ‘ಇದ್ದೀನಿ’ ಎಂದು ಬಂತು, ಕಂಬದ್ದೆಂದು ಎಳೆದೆ, ಅದು ಅವನದೇ ಆಗಿತ್ತು. ಇನ್ನೊಂದು ದಿನ ಕಂಬದ್ದನ್ನೇ ಅವನದೆಂದು ನಂಬಿ ಎಳೆಯದಿದ್ದರೆ?

ಗಂಡನನ್ನು ಕರೆದುಕೊಂಡು ರೇಡಿಯೋಗೆ ಹೋದೆ. ಪೇಪರ್ ಹಾಸಿದ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ.

“ಸಾರ್, ಆ ಹಾಡು ನಿಲ್ಸಿ. ಕೈ ಮುಗೀತೀನಿ. ನನ್ನ ಗಂಡ ಕೆಳಗಿರ್ತಾನೆ, ಮೇಲೆ ನಿಮ್ಮ ಹಾಡು ಬರುತ್ತೆ. ನಂಗೆ ಯಾವುದು ಯಾವುದೋ ತಿಳಿಯಲ್ಲ.”

ಆಹಾ ಸಾರ್ ಕನ್ನಡಕ ತೆಗೆದರು. ಬಹಳ ನೊಂದುಕೊಂಡರು. “ನಿಲ್ಸೋದು ಹೇಗಮ್ಮಾ? ಜನ ಅಷ್ಟು ಕೇಳ್ತಾರೆ. ನಾವು ಲಾಭಕ್ಕೆ ಮಾಡ್ತಿದ್ರೆ ಬೇರೆ ಮಾತು. ಹಾಡು ಅಂದ್ರೆ ಎಲ್ಲರ ಸ್ವತ್ತು.”

“ಗುಂಡಿನೂ ಎಲ್ಲರ ಸ್ವತ್ತೇ ಅಲ್ವಾ ಸಾರ್?”

“ಆಹಾ” ಎಂದರು. ಜೇನು ಮೇಡಂ ಕಡೆ ತಿರುಗಿ, “ನೋಡಿದ್ರಾ, ಎಂಥ ಮಾತು! ಇದನ್ನ ಮುಂದಿನ ಕಾರ್ಯಕ್ರಮಕ್ಕೆ ಇಟ್ಕೊಳ್ಳಿ” ಎಂದರು.

ಜೇನು ಮೇಡಂ ನನ್ನ ಕಷ್ಟ ಅರ್ಥಮಾಡಿಕೊಂಡರು. ಅವರಿಗೊಂದು ಉಪಾಯ ಹೊಳೆಯಿತು. “ನೀವು ಯಾಕೆ ಒಂದು ಹೊಸ ಹಾಡು ಕಟ್ಬಾರದು? ನಿಮ್ಮ ಜನಕ್ಕೆ ಅದೆಲ್ಲ ಸಹಜವಾಗಿ ಬರುತ್ತಲ್ವಾ? ಕಟ್ಟಿ. ಅದನ್ನೂ ರೆಕಾರ್ಡ್ ಮಾಡ್ಕೋತೀವಿ.”

ನನ್ನ ಗಂಡ ನಕ್ಕುಬಿಟ್ಟ. ಅವನು ಆ ಕಟ್ಟಡದಲ್ಲಿ ನಕ್ಕಿದ್ದು ಅದೊಂದೇ ಸಲ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಹಾಡು ಬರುವ ಹೊತ್ತು ಅವರು ಮೊದಲೇ ತಿಳಿಸುತ್ತಾರೆ, ಆ ಹೊತ್ತು ಬಿಟ್ಟು ನಾವು ಗುಂಡಿಗೆ ಇಳಿಯಬೇಕು. ಮೇಸ್ತ್ರಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮ ಸಂಗೀತ ಕಛೇರಿ ನೋಡ್ಕೊಂಡು ಊರಿನೋರು ಕಕ್ಕಸಿಗೆ ಹೋಗ್ಬೇಕಾ?”

ಇಷ್ಟರಲ್ಲಿ ರೇಡಿಯೋದ ವಾರ್ಷಿಕೋತ್ಸವ ಬಂತು. ಅಧ್ಯಕ್ಷತೆಗೆ ನಗರಸಭೆಯ ಅಧ್ಯಕ್ಷರು. ಆಹಾ ಸಾರ್ ನಮ್ಮ ಮನೆಗೇ ಬಂದರು. ಹೊಸ್ತಿಲಾಚೆ ನಿಂತು ಹೇಳಿದರು, “ನಿಮ್ಮ ದುಃಖ ನನಗೆ ನಿದ್ದೆ ಕೊಡ್ತಿಲ್ಲ. ಅದಕ್ಕೇ ಈ ಸಲ ಕಾರ್ಯಕ್ರಮ ನಿಮ್ಮದೇ. ರೇಡಿಯೋ ಮುಂದೇನೇ ಒಂದು ಗುಂಡಿ ಇದೆಯಲ್ಲ, ಅಲ್ಲಿಂದ ನೇರ ಪ್ರಸಾರ. ನಿಮ್ಮ ಯಜಮಾನರು ಒಳಗೆ, ನೀವು ಮೇಲೆ. ಈ ಸಲ ನಿಮ್ಮ ದನಿನೂ ಕತ್ತರಿಸಲ್ಲ.”

ಗುಂಡಿಗಳ ವಿಷಯದಲ್ಲಿ ಊರು ನಮಗೆ ಮಾಡಿದ ಮೊದಲ ಉಪಕಾರ ಅದು. ಸತ್ತರೂ ನೇರ ಪ್ರಸಾರದಲ್ಲಿ ಸಾಯಬಹುದು. ಆಗುವುದಿಲ್ಲ ಎನ್ನೋಣವೆಂದರೆ ಹಿಂದೆಯೇ ಮೇಸ್ತ್ರಿ ಬಂದ. “ಅಧ್ಯಕ್ಷರು ಬರ್ತಾರೆ. ಬರಲಿಲ್ಲ ಅಂದ್ರೆ ನಿಮ್ಮ ಬಿಡಾರ ಖಾಲಿ ಮಾಡಿಸ್ತೀನಿ.”

ಹೋದೆವು. ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಕುರ್ಚಿ ಹಾಕಿದ್ದರು. ಗುಂಡಿಯ ಮುಚ್ಚಳಕ್ಕೆ ಬಣ್ಣ ಬಳಿದು ಹೂವಿನ ಚಿತ್ರ ಬರೆದಿದ್ದರು. ಗಂಡನಿಗೆ ರೇಡಿಯೋದ ಗುರುತಿನ ಹೊಸ ಬನಿಯನ್ನು. ಮುಂದಿನ ಸಾಲಿನಲ್ಲಿ ತಮ್ಮನಿಗೊಂದು ಕುರ್ಚಿ. ಈ ಸಲ ಪೇಪರ್ ಇಲ್ಲ, ಮೆತ್ತೆ ಇತ್ತು. ಅವನ ಅಕ್ಕಪಕ್ಕದ ಕುರ್ಚಿಗಳು ಕೊನೆಯವರೆಗೂ ಖಾಲಿಯೇ ಉಳಿದವು.

ಅಧ್ಯಕ್ಷರು ಭಾಷಣ ಮಾಡಿದರು. ಶ್ರಮಕ್ಕೆ ಸಂಗೀತವೇ ಔಷಧಿ ಎಂದರು. ಜನ ಚಪ್ಪಾಳೆ ತಟ್ಟಿದರು. ಗಂಡ ಹಾರೆ ಕೊಟ್ಟು ಮುಚ್ಚಳ ಎತ್ತಿದ. ನಾನು ಬಗ್ಗಿ ಮೂಸಿದೆ. ನಾತವೇ ಇಲ್ಲ. ಅತಿಥಿಗಳಿಗೆ ತೊಂದರೆಯಾಗಬಾರದೆಂದು ಬೆಳಿಗ್ಗೆಯೇ ಡಬ್ಬಿಗಟ್ಟಲೆ ಫಿನಾಯಿಲ್ ಸುರಿದಿದ್ದರು. ಒಳಗೆ ಏನಿದೆ ಎಂದು ಹೇಳುವುದು ಆ ನಾತವೊಂದೇ. ಅದನ್ನೂ ಅಳಿಸಿಬಿಟ್ಟಿದ್ದರು.

ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನನ್ನ ಮುಖ ನೋಡಿದ. ಅವನ ಮೊಣಕೈಯ ಗಾಯ ಇನ್ನೂ ಹಸಿಯಾಗಿತ್ತು. ಜೇನು ಮೇಡಂ ನನ್ನ ಬಾಯಿಯ ಮುಂದೆ ಮೈಕು ಹಿಡಿದರು. “ಕೇಳುಗರೇ, ಈಗ ಆ ಅಪರೂಪದ ಕ್ಷಣ. ಅಕ್ಕಾ, ಮೊದಲ ಸಾಲು ಹಾಡ್ತೀರಾ?” ಬೀದಿಯುದ್ದದ ಕಂಬಗಳೆಲ್ಲ ಅದನ್ನೇ ಹೇಳಿದವು.

ಅಲ್ಲಿಯವರೆಗೂ ನಾನು ಬೇಡುತ್ತಿದ್ದದ್ದು ಏನು? ಹಾಡು ನಿಲ್ಲಿಸಿ ಎಂದು. ಹಾಡು ನಿಂತರೆ ಇವನು ನೆಮ್ಮದಿಯಾಗಿ ಇಳಿಯಬಹುದು ಎಂದು! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಗಂಡನ ಸೊಂಟದ ಗಂಟಿಗೆ ಕೈ ಹಾಕಿದೆ.

“ಅಕ್ಕಾ, ಏನ್ ಮಾಡ್ತಿದ್ದೀರಾ?” ಜೇನು ಮೇಡಂ ಕೇಳಿದರು, ಅದೇ ಸವಿ ದನಿಯಲ್ಲಿ.

“ಬಿಚ್ತಿದ್ದೀನಿ.”

“ಮತ್ತೆ ಹಾಡು?”

“ಹಾಡು ಇರೋದು ಒಳಗಿರೋನು ಬದುಕಿದ್ದಾನೋ ಸತ್ತಿದ್ದಾನೋ ಅಂತ ಕೇಳೋಕೆ. ಒಳಗೆ ಯಾರೂ ಇಲ್ಲ. ಯಾರನ್ನ ಕೇಳ್ಲಿ?”

ನನ್ನ ಒರಟು ದನಿ ಪೇಟೆಯ ಕೊನೆಯ ಕಂಬದವರೆಗೂ ಹೋಗಿ ಬಂತು. ಕತ್ತರಿಸಲು ಯಾರಿಗೂ ಹೊತ್ತು ಸಿಗಲಿಲ್ಲ.

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಓಡಿ ಬಂದ. ಅಧ್ಯಕ್ಷರ ಮುಂದೆ ಕೂಗುವ ಹಾಗಿಲ್ಲ. ಗಂಡನ ಕಿವಿಯ ಹತ್ತಿರ ಬುಸುಗುಟ್ಟಿದ, “ಇಳಿಯೋ.”

“ಇಳಿಯಲ್ಲ.”

“ಇವತ್ತೊಂದು ದಿನ ಮಾನ ಉಳಿಸೋ, ಮಾರಾಯ.”

“ಇವತ್ತೂ ಇಲ್ಲ, ನಾಳೆನೂ ಇಲ್ಲ. ಇನ್ಮೇಲೆ ಯಾವತ್ತೂ ಇಳಿಯಲ್ಲ ನಾನು.” ಗಂಡ ಹೊಸ ಬನಿಯನ್ನು ತಲೆಯ ಮೇಲಿಂದ ಕಿತ್ತು ಮೇಸ್ತ್ರಿಯ ಕೈಗೆ ಕೊಟ್ಟ.

ಆಹಾ ಸಾರ್ ಎದ್ದು ಬಂದರು. “ಅಮ್ಮಾ, ನೇರ ಪ್ರಸಾರ ಇದು. ಕೇಳುಗರು ಕಾಯ್ತಿದ್ದಾರೆ. ಒಂದೇ ಒಂದು ಸುತ್ತು.”

“ನೀವು ಇಳೀರಿ ಸಾರ್.” ಹಗ್ಗದ ತುದಿ ಅವರ ಕಡೆ ಚಾಚಿದೆ. “ನಾನು ಹಾಡ್ತೀನಿ. ಹಗ್ಗ ಚೆನ್ನಾಗಿ ಹಿಡೀತೀನಿ, ನಂಬಿ.”

ಅವರು ಬಗ್ಗಿ ಗುಂಡಿಯೊಳಗೆ ನೋಡಿದರು. ಇಷ್ಟು ದಿನದಲ್ಲಿ ಅವರು ಒಳಗೆ ನೋಡಿದ್ದು ಅದೇ ಮೊದಲು. ಹಗ್ಗ ಮುಟ್ಟದೆ ಹಿಂದೆ ಸರಿದರು.

ರೇಡಿಯೋದಲ್ಲಿ ಸದ್ದು ನಿಲ್ಲಬಾರದಂತೆ. ಅದು ಅವರ ಕೆಲಸದ ನಿಯಮ. ಮಹಡಿಯ ಮೇಲಿದ್ದವರು ಯಾರೋ ಗಾಬರಿಯಲ್ಲಿ ಹಳೆಯ ರೆಕಾರ್ಡು ಹಾಕಿಬಿಟ್ಟರು. ಕಂಬಗಳಿಂದೆಲ್ಲ ತಮ್ಮ ಹಾಡತೊಡಗಿದ. ಇದ್ದೀನಿ ಅಕ್ಕಾ, ಇದ್ದೀನಿ. ಹಿಂದಿನ ಸಾಲಿನವರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು.

ಮೆತ್ತೆಯ ಕುರ್ಚಿಯಿಂದ ತಮ್ಮ ಎದ್ದ. ಗೋದಾಮಿನ ಗೋಡೆಯಲ್ಲಿ ಒಂದು ಪೆಟ್ಟಿಗೆ ಇತ್ತು, ಬೀದಿಯ ಸ್ಪೀಕರುಗಳಿಗೆಲ್ಲ ವೈರು ಹೋಗುವುದು ಅಲ್ಲಿಂದಲೇ. ಅಷ್ಟು ದೂರ ನಡೆಯಲು ಎರಡು ಕಡೆ ನಿಂತು ಏದುಸಿರು ಬಿಟ್ಟ. ಯಾರೂ ತಡೆಯಲಿಲ್ಲ. ತಡೆಯಬೇಕೆಂದರೆ ಮುಟ್ಟಬೇಕಲ್ಲ. ಎರಡೂ ಕೈಯಲ್ಲಿ ವೈರಿನ ಗಂಟು ಹಿಡಿದು, ಗೋಡೆಗೆ ಕಾಲು ಕೊಟ್ಟು, ನಾವು ಹಗ್ಗ ಎಳೆಯುವ ಹಾಗೆ ಎಳೆದ. ಬೀದಿಯಲ್ಲಿ ಅವನ ದನಿ ನಡುವೆಯೇ ನಿಂತುಹೋಯಿತು.

ಸಂಜೆಗೆ ಅವನ ಮೇಲೆ ದೂರು ದಾಖಲಾಯಿತು. ಸಾರ್ವಜನಿಕ ಆಸ್ತಿಗೆ ಹಾನಿ. ಅವನು ಗುಂಡಿಯಲ್ಲಿ ಬಿದ್ದಾಗ ಯಾವ ದೂರೂ ದಾಖಲಾಗಿರಲಿಲ್ಲ, ಆಗ ಹಾನಿಯಾಗಿದ್ದು ಆಸ್ತಿಗಲ್ಲವಲ್ಲ. ರೇಡಿಯೋದವರು ತಾಂತ್ರಿಕ ಕಾರಣಗಳಿಂದ ಕಾರ್ಯಕ್ರಮ ಮೊಟಕಾಯಿತೆಂದು ಕೇಳುಗರ ಕ್ಷಮೆ ಕೇಳಿದರು. ಕೇಳುಗರದ್ದು, ನಮ್ಮದಲ್ಲ.

ಮಾರನೆಯ ದಿನ ನನ್ನ ಗಂಡ ಇಳಿಯಲಿಲ್ಲ. ರೈಲು ಹಳಿಯಾಚೆಯ ಗುಂಡಿಗಳಿಗೆ ಇಳಿಯುವ ತಂಡದವರೂ ರೇಡಿಯೋ ಕೇಳಿದ್ದರು. ಅವರೂ ಇಳಿಯಲಿಲ್ಲ. ಮೇಸ್ತ್ರಿ ಬಿಡಾರ ಖಾಲಿ ಮಾಡಿಸುತ್ತೇನೆಂದು ನಾಲ್ಕು ಜನರನ್ನು ಕರೆತಂದ. ಬಿಡಾರಗಳ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ಕೂತೆವು. ನಾವು ದಿನವೆಲ್ಲ ಹೊತ್ತು ತರುವ ಬಕೆಟ್‌ಗಳನ್ನು ತುಂಬಿಸಿ ಮುಂದೆ ಇಟ್ಟುಕೊಂಡೆವು. ಬಂದವರು ಅದನ್ನು ನೋಡಿ, ಬಟ್ಟೆ ನೋಡಿಕೊಂಡು ಹೊರಟುಹೋದರು.

ಊರು ತಡೆದುಕೊಂಡಿತು, ಪಾಪ, ಎಷ್ಟು ದಿನ ತಡೆದುಕೊಂಡೀತು? ಗುಂಡಿಯ ನೀರು ಮೊದಲು ಬಟ್ಟೆ ಅಂಗಡಿಯ ಮೆಟ್ಟಿಲಿಗೆ ಬಂತು. ಆಮೇಲೆ ಗೋದಾಮಿನ ಮೆಟ್ಟಿಲಿಗೆ. ಜೇನು ಮೇಡಂ ಸೀರೆಯ ನೆರಿಗೆ ಎತ್ತಿಕೊಂಡು ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿ ಮಹಡಿ ಹತ್ತುತ್ತಿದ್ದರಂತೆ. ಅಧ್ಯಕ್ಷರ ಮನೆಯ ಸ್ನಾನದ ಕೋಣೆಯಲ್ಲಿ ಅದು ಮೇಲೆದ್ದ ದಿನವೇ ಪಕ್ಕದ ಊರಿನಿಂದ ಯಂತ್ರದ ಲಾರಿ ಬಂತು. ದಪ್ಪ ಕೊಳವೆ ಒಳಗೆ ಬಿಟ್ಟರೆ ಕೆಸರನ್ನೆಲ್ಲ ತಾನೇ ಹೀರುತ್ತದೆ. ಡ್ರೈವರು ಕೆಳಗೂ ಇಳಿಯುವುದಿಲ್ಲ. ಅಪ್ಪನ ಕಾಲದಲ್ಲೂ ಆ ಊರಿನಲ್ಲಿ ಅದು ಇತ್ತಂತೆ. ಯಾರೂ ಕೇಳಿರಲಿಲ್ಲವಂತೆ.

ಈಗ ನನ್ನ ಗಂಡ ಅದರ ಕೊಳವೆ ಹಿಡಿಯುತ್ತಾನೆ. ನನ್ನ ಕೆಲಸ ಹೋಯಿತು. ಒಳಗೆ ಯಾರೂ ಇಲ್ಲದ ಮೇಲೆ ಹಗ್ಗ ಹಿಡಿಯುವವಳು ಯಾಕೆ ಎಂದ ಮೇಸ್ತ್ರಿ. ಅವನು ಹುಟ್ಟಿದಾಗಿನಿಂದ ಆಡಿದ ಮಾತಿನಲ್ಲಿ ಸರಿಯಾದದ್ದು ಅದೊಂದೇ. ಬೇರೆ ಕೆಲಸಕ್ಕೆ ಮನೆ ಮನೆ ಕೇಳುತ್ತಿದ್ದೇನೆ, ಇನ್ನೂ ಯಾರೂ ಒಳಗೆ ಕರೆದಿಲ್ಲ. ಆ ದೂರಿನ ಮೇಲೆ ತಮ್ಮ ಕೋರ್ಟಿಗೆ ಅಲೆಯುತ್ತಿದ್ದಾನೆ. ರೇಡಿಯೋದಲ್ಲಿ ಆ ಹಾಡು ಈಗಲೂ ಬರುತ್ತದೆ. ಬರಲಿ, ಬೇಕಾದರೆ ದಿನವಿಡೀ ಹಾಕಿಕೊಳ್ಳಲಿ. ಕೆಳಗೆ ಯಾರೂ ಇಲ್ಲ.

ಮೊನ್ನೆ ನಾನು ಗಂಡನಿಗೆ ಊಟ ಕೊಡಲು ಪೇಟೆ ಬೀದಿಗೆ ಹೋಗಿದ್ದೆ. ಲಾರಿಯ ಯಂತ್ರ ಗುಡುಗುಡು ಎಂದು ಬೀದಿಯೆಲ್ಲ ನಡುಗಿಸುತ್ತಿತ್ತು. ಆಹಾ ಸಾರ್ ಮತ್ತು ಜೇನು ಮೇಡಂ ಮೈಕು ಹಿಡಿದುಕೊಂಡು ಬಂದರು. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ದೊಡ್ಡ ಮನಸ್ಸು.

“ಯಂತ್ರ ಬಂದ ಮೇಲೆ ಹೊಸ ಹಾಡು ಏನಾದ್ರೂ ಹುಟ್ಟಿದೆಯೇನಮ್ಮಾ?” ಎಂದು ಸಾರ್ ನನ್ನ ಕಿವಿಯ ಹತ್ತಿರ ಬಂದು ಕೂಗಿದರು.

“ಹುಟ್ಟಿದೆ ಸಾರ್. ಕೇಳ್ತಿಲ್ವಾ? ಎಂಜಿನ್ ಹತ್ರ ಹಿಡೀರಿ. ಇನ್ಮೇಲೆ ನಮ್ಮ ಕೆಲಸದ ಹಾಡು ಅದೇ.”

ಹಿಡಿದರು. ಸಾರ್ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ನಾನು ಮನೆಗೆ ಹೋಗಿ ತಮ್ಮನಿಗೆ ಹೇಳಿದೆ, ಅವನು ಸದ್ದಿಲ್ಲದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಬ್ಬರೂ ರೇಡಿಯೋ ಹಚ್ಚಿಕೊಂಡು ಕಾದೆವು. ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರದ ಮೇಲೆ ಜೇನು ಮೇಡಂ ಬೀದಿಯಲ್ಲಿ ಸಿಕ್ಕರು, ಕೇಳಿಯೇಬಿಟ್ಟೆ.

“ಹಾಕಲಿಲ್ಲ ಅಕ್ಕಾ” ಎಂದರು, ಸಂಕೋಚದಲ್ಲಿ. “ಅದು ಕೇಳೋಕೆ ಅಷ್ಟು ಇಂಪಾಗಿಲ್ಲ.”